ಎರಡು ಹಾರ್ಡ್ ಡಿಸ್ಕ್, ಒಂದು ಬೀರು ಬಾಗಿಲು

ನಮ್ಮ ಮನೆಯಲ್ಲಿ ನಂಬರಿಲ್ಲದ ವಸ್ತು ಇಲ್ಲ. ಅಂಗಡಿಯಿಂದ ಹೊಸ ಕುಕ್ಕರ್ ಬಂದರೆ ನಾನು ಮುಚ್ಚಳ ತೆಗೆದು ಒಳಗೆ ನೋಡುತ್ತೇನೆ, ಅತ್ತೆ ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರೆ, ಮಾವ ಅದನ್ನು ಬೋರಲು ಹಾಕಿ ಅಡಿಯಲ್ಲಿ ಕೊರೆದ ನಂಬರು ಹುಡುಕುತ್ತಾರೆ. ಸಿಕ್ಕ ಮೇಲೆ ಎರಡು ಸಲ ಗಟ್ಟಿಯಾಗಿ ಓದಿ, ಪೊರಕೆ ಕಡ್ಡಿಯ ತುದಿಯನ್ನು ಬಿಳಿ ಬಣ್ಣದ ಡಬ್ಬಿಗೆ ಅದ್ದಿ, ನಡುಮನೆಯ ಕಬ್ಬಿಣದ ಬೀರುವಿನ ಬಾಗಿಲ ಒಳಮೈ ಮೇಲೆ ಬರೆದಿಡುತ್ತಾರೆ. ಮಿಕ್ಸಿ, ಸೈಕಲ್, ಹೊಲಿಗೆ ಯಂತ್ರ, ನನ್ನ ಮೊಬೈಲು ಎಲ್ಲವೂ ಅಲ್ಲಿವೆ. ಮತ್ತೆ ಮತ್ತೆ ಬದಲಾಗುವ ಗ್ಯಾಸ್ ಸಿಲಿಂಡರನ್ನೂ ಬಿಟ್ಟಿಲ್ಲ. ನನ್ನ ರೇಷ್ಮೆ ಸೀರೆಗಳಿರುವುದೂ ಅದೇ ಬೀರುವಿನಲ್ಲಿ. ಮದುವೆಗೆ ಹೊರಡುವ ಹೊತ್ತಿಗೆ ಬಾಗಿಲು ತೆಗೆದರೆ ಸೀರೆಗಿಂತ ಮೊದಲು ಕಾಣುವುದು ಕುಕ್ಕರಿನ ನಂಬರು. ಅದರ ಮೇಲೆ ಪೇಂಟು ಹೊಡೆಸಿಬಿಡುತ್ತೇನೆ ಎಂದು ಎರಡು ಸಲ ಹೆದರಿಸಿದ್ದೇನೆ. "ಒಡ್ಸಮ್ಮ, ಅದ್ರ ಮೇಲೆ ಇನ್ನೊಂದ್ಸಲ ಬರಿತೀನಿ. ಎಲ್ಲಾ ಬಾಯಲ್ಲೈತೆ" ಅಂದರು.

ಕೆಲಸದಿಂದ ಅಂಟಿಕೊಂಡ ಚಟ ಅದು. ನಂದಿದುರ್ಗದ ಚಿನ್ನದ ಗಣಿಯಲ್ಲಿ ಮಾವ ಲ್ಯಾಂಪ್ ರೂಮಿನಲ್ಲಿದ್ದರು. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ಅವನ ನಂಬರು. ಅವನು ಕಿಟಕಿಯಲ್ಲಿ ಬಿಲ್ಲೆ ಕೊಟ್ಟು ತನ್ನ ನಂಬರು ಹೇಳಬೇಕು. ಮಾವ ಅದನ್ನು ತಿರುಗಿ ಹೇಳಿ, ಬಿಲ್ಲೆಯನ್ನು ಹಲಗೆಯ ಮೊಳೆಗೆ ಹಾಕಿ, ತಲೆಗೆ ಕಟ್ಟುವ ದೀಪ ಕೊಡಬೇಕು. ಅವನು ಮೇಲೆ ಬಂದು ದೀಪ ಒಪ್ಪಿಸಿದ ಮೇಲೆಯೇ ಬಿಲ್ಲೆ ಅವನ ಕೈಗೆ. ಮೊಳೆಯಲ್ಲಿ ಬಿಲ್ಲೆ ಇನ್ನೂ ನೇತಾಡುತ್ತಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಕೊನೆಯವನು ಮೇಲೆ ಬರುವವರೆಗೆ ಮಾವ ಊಟಕ್ಕೆ ಏಳುತ್ತಿರಲಿಲ್ಲ. ಅತ್ತೆ ಮಾಡಿಟ್ಟ ರಾಗಿ ಮುದ್ದೆ ಆರಿ ಕಲ್ಲಾಗುತ್ತಿತ್ತು. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಈಗಲೂ ಬೀದಿಯಲ್ಲಿ ಹಳಬರು ಎದುರಾದರೆ ಮಾವ ಹೆಸರು ನೆನಪಾಗದೆ ತಡವರಿಸುತ್ತಾರೆ, ನಂಬರು ಮಾತ್ರ ತಟ್ಟನೆ ನಾಲಿಗೆಗೆ ಬರುತ್ತದೆ.

ನಾನು ಬೂದಿಕೋಟೆ ಕಡೆಯವಳು. ಕರು ಹುಟ್ಟಿದರೆ ಮೊದಲು ಹೆಸರಿಟ್ಟು ಆಮೇಲೆ ಹಾಲು ಕುಡಿಸುವ ಮನೆಯಲ್ಲಿ ಬೆಳೆದವಳು. ಮನುಷ್ಯರನ್ನು ನಂಬರಿನಿಂದ ಕರೆಯುವ ಈ ಮನೆಗೆ ಬಂದ ಹೊಸತರಲ್ಲಿ ನನಗೆ ಸಿಟ್ಟು ಬರುತ್ತಿತ್ತು, ಆಮೇಲೆ ನಗು ಬರತೊಡಗಿತು. ನನ್ನ ಗಂಡ ಮದುವೆ, ನಾಮಕರಣಗಳಿಗೆ ವಿಡಿಯೋ ತೆಗೆಯುತ್ತಾರೆ. ಅವರು ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುವುದು ನನ್ನ ಕೆಲಸ. ಗಣಿಯವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ ಲೈನು ಮನೆಯ ಮುಂದಿನ ಚಿಕ್ಕ ಕೋಣೆಯೇ ನನ್ನ ಆಫೀಸು.

ಎರಡು ವರ್ಷದ ಹಿಂದೆ ಒಂದು ಭಾನುವಾರ ಮಾವನ ಹಳೆಯ ಜೊತೆಗಾರರು ಹತ್ತು ಜನ ನಮ್ಮ ಮನೆ ಮುಂದಿನ ಬೇವಿನ ಮರದ ಕೆಳಗೆ ಸೇರಿದ್ದರು. ಮಾವನೂ ಸೇರಿ ಹನ್ನೊಂದು. ಕ್ಯಾಮೆರಾ ಮನೆಯಲ್ಲೇ ಇತ್ತು, ನಾನೇ ನಿಂತು ಚಿತ್ರ ತೆಗೆದೆ. ಒಬ್ಬೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿ, ಹೆಸರು ಹೇಳಿ ಮಾತು ಶುರು ಮಾಡಿ ಎಂದರೆ, ಹೆಸರು ಹೇಳಿದವರು ಒಬ್ಬರೂ ಇಲ್ಲ. ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು ಬಿಲ್ಲೆ ನಂಬರು ಹೇಳಿದರು. ಒಬ್ಬರು ತಮಿಳಿನಲ್ಲಿ, ಒಬ್ಬರು ತೆಲುಗಿನಲ್ಲಿ, ಒಬ್ಬರು ಕನ್ನಡದಲ್ಲಿ. ಆಮೇಲೆ ಕಥೆಗಳು. ಕೆಳಗಿನ ಸೆಖೆ, ಅಲ್ಲಿ ಹಾಡುತ್ತಿದ್ದ ಹಾಡು, ಊಟದ ಡಬ್ಬಿ ಕದಿಯುತ್ತಿದ್ದ ಹೆಗ್ಗಣ. ನಾನು ನಕ್ಕದ್ದಕ್ಕೆ ಚಿತ್ರವೂ ಅಲ್ಲಾಡಿತ್ತು.

ಅದನ್ನು ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಮರುದಿನದ ಮದುವೆಗೆಂದು ಕ್ಯಾಮೆರಾದ ಕಾರ್ಡು ಅಳಿಸಿದೆ. ದುಡಿಮೆಯ ಕೆಲಸ ಮೊದಲು, ಮನೆಯದು ಆಮೇಲೆ ಎಂದು ಮುಂದೂಡುತ್ತಲೇ ಹೋದೆ. ಅಷ್ಟರಲ್ಲಿ ಒಂದು ದಿನ ಆ ಡಿಸ್ಕು ತೆರೆಯಲೇ ಇಲ್ಲ. ಒಳಗೇನಿದೆ ಎಂದು ತೋರಿಸುವ ಬದಲು, "ಇದನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?" ಎಂದು ಕಂಪ್ಯೂಟರು ನನ್ನನ್ನೇ ಕೇಳಿತು. ಹೂಂ ಎಂದರೆ ಎಲ್ಲ ಅಳಿಸಿ ಹೋಗುತ್ತದೆ. ಕೆಟ್ಟ ಡಿಸ್ಕಿನಿಂದ ಒಳಗಿನದನ್ನು ತೆಗೆದುಕೊಡುವ ಒಬ್ಬ ಮೇಡಂ ಬೆಂಗಳೂರಿನಲ್ಲಿದ್ದಾರೆ. ಫೋನು ಮಾಡಿದಾಗ, "ಏನೂ ಒತ್ತಬೇಡಿ, ಹಾಗೇ ತನ್ನಿ, ಹಬ್ಬ ಕಳೆದ ಮೇಲೆ ಸೋಮವಾರ ಬನ್ನಿ" ಎಂದರು. ಒಂದು ಚೀಟಿಯಲ್ಲಿ ‘ಮುಟ್ಟಬೇಡಿ’ ಎಂದು ಬರೆದು ಡಿಸ್ಕಿಗೆ ಅಂಟಿಸಿ ಮೇಜಿನ ಎಡಗಡೆ ಇಟ್ಟೆ. ಬಲಗಡೆ ಅದೇ ಕಂಪನಿಯ, ಅದೇ ಅಳತೆಯ, ಇನ್ನೂ ಖಾಲಿ ಇರುವ ಹೊಸ ಡಿಸ್ಕು. ಮಾವನಿಗೆ ವಿಷಯ ಹೇಳಲಿಲ್ಲ. ಹತ್ತು ಜನರಲ್ಲಿ ಅವರಿಗೆ ತೀರಾ ಬೇಕಾಗಿದ್ದ ಒಬ್ಬರು ಯುಗಾದಿಗೆ ಮುಂಚೆ ತೀರಿಕೊಂಡಿದ್ದರು. "ನಮ್ಮೋರ ಪಿಕ್ಚರ್ ಯಾವಾಗಮ್ಮ?" ಎಂದು ಮಾವ ವಾರಕ್ಕೊಮ್ಮೆ ಕೇಳುವರು. "ಆಗ್ತಾ ಇದೆ ಮಾವ" ಎಂದು ನಾನು ಹಸಿ ಸುಳ್ಳು ಹೇಳುತ್ತಿದ್ದೆ.

ಆಯುಧಪೂಜೆ ಬಂತು. ಗಣಿಯ ಮನೆಗಳಲ್ಲಿ ಆ ಹಬ್ಬಕ್ಕೆ ಇರುವ ಸಡಗರ ಇನ್ನಾವುದಕ್ಕೂ ಇಲ್ಲ. ಕತ್ತರಿ, ಸುತ್ತಿಗೆ, ಕ್ಯಾಮೆರಾ ಎಲ್ಲವನ್ನೂ ತೊಳೆದು ಒರೆಸಿ ಮಣೆಯ ಮೇಲಿಡುವುದು ಮಾವನ ಪಾಲಿನ ಕೆಲಸ. ನಾನು ಒಳಗೆ ಒಬ್ಬಟ್ಟು ತಟ್ಟುತ್ತಿದ್ದೆ. ಹೊರಗೆ ಬಂದು ನೋಡಿದರೆ ಮಣೆಯ ಮೇಲೆ ಎರಡು ಡಿಸ್ಕುಗಳೂ ಬೆಳ್ಳಿ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿವೆ, ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡು ಹೂವು. ನನಗೆ ಎಷ್ಟು ಖುಷಿಯಾಯಿತೆಂದರೆ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದೆ. ಅವು ಯಾಕೆ ಅಷ್ಟು ಹೊಳೆಯುತ್ತಿವೆ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ ನೋಡಿ.

ಪೂಜೆಗಿಟ್ಟದ್ದನ್ನು ವಿಜಯದಶಮಿ ಕಳೆಯುವವರೆಗೆ ಮುಟ್ಟುವಂತಿಲ್ಲ. ಅದು ಕಳೆದ ಮಾರನೆಯ ಬೆಳಿಗ್ಗೆ ಕಂಪ್ಯೂಟರಿಗೆ ಕೂತೆ. ಗಂಡ ಬಂಗಾರಪೇಟೆಯ ಛತ್ರದಿಂದ ಒಂದೇ ಸಮನೆ ಫೋನು ಮಾಡುತ್ತಿದ್ದರು, ಹೊಸ ಡಿಸ್ಕು ರೆಡಿ ಮಾಡಿ ಮಧ್ಯಾಹ್ನದೊಳಗೆ ಕಳಿಸು ಎಂದು. ಮಾವ ಎರಡನ್ನೂ ಮಣೆಯಿಂದ ಎತ್ತಿ ಮೇಜಿನ ಮೇಲೆ ಇಟ್ಟಿದ್ದರು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬಲಗಡೆಯದನ್ನು ತೆಗೆದುಕೊಂಡು ಡಾಕಿನಲ್ಲಿ ನಿಲ್ಲಿಸಿದೆ. ಡಾಕ್ ಎಂದರೆ ಡಿಸ್ಕು ಕೂರಿಸಿ, ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೀಠ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಹೊಸದು, ಕೇಳಲೇಬೇಕು. ಹೂಂ ಎಂದು ಒತ್ತಿದೆ. ಅರ್ಧ ನಿಮಿಷದಲ್ಲಿ ಮುಗಿಯಿತು.

ಸೋಮವಾರಕ್ಕೆ ಕಟ್ಟಿಡೋಣ ಎಂದು ಇನ್ನೊಂದನ್ನು ಕೈಗೆತ್ತಿಕೊಂಡೆ. ಅದರ ಮೇಲೆ ‘ಮುಟ್ಟಬೇಡಿ’ ಇರಲಿಲ್ಲ. ಕಂಪನಿಯ ಲೇಬಲ್ಲೂ ಇರಲಿಲ್ಲ. ಡಾಕಿನಲ್ಲಿದ್ದುದನ್ನು ಎಳೆದು ನೋಡಿದೆ, ಅದೂ ಬೋಳು. ಎರಡರಲ್ಲೂ ನನ್ನ ಮುಖ ಕಾಣುತ್ತಿತ್ತು. ಮಣೆಗೆ ಹೋಗಿ ಬಂದದ್ದರಲ್ಲಿ ಎಡ ಯಾವುದು, ಬಲ ಯಾವುದು? ನಾನು ಈಗ ಅಳಿಸಿದ್ದು ಯಾವುದನ್ನು?

"ಮಾವಾ!" ಎಂದು ನಾನು ಕಿರುಚಿದ್ದು ಇಡೀ ಲೈನಿಗೆ ಕೇಳಿಸಿರಬೇಕು.

ಮಾವ ಹಲ್ಲುಜ್ಜುವ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡೇ ಬಂದರು.

"ಇದರ ಮೇಲಿನ ಕಾಗದ ಎಲ್ಲಿ?"

"ಕಿತ್ತಾಕ್ದೆ. ಗಲೀಜಾಗಿತ್ತು. ಕೊಬ್ರಿ ಎಣ್ಣೆ ಸವ್ರಿ ಕಿತ್ತು, ಬಟ್ಟೇಲಿ ತಿಕ್ಕಿ ಪಾಲೀಸು ಮಾಡ್ದೆ. ನೀರಾಕಿಲ್ಲಮ್ಮ, ನಂಗಷ್ಟೂ ಗೊತ್ತಾಗಲ್ವಾ? ಒಂದು ಉಸುರಾಡೋ ತೂತೈತಲ್ಲ, ಅದ್ಕೂ ಕುಂಕುಮ ಇಕ್ಕಿಲ್ಲ."

"ಕಿತ್ತ ಕಾಗದ?"

"ನೀರೊಲೆಗಾಕ್ದೆ."

ನನಗೆ ಬಂದ ಕೋಪಕ್ಕೆ ಲೆಕ್ಕವಿಲ್ಲ. ಇಷ್ಟು ದಿನ ಮುಚ್ಚಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಕಾರಿಬಿಟ್ಟೆ. ಡಿಸ್ಕು ಕೆಟ್ಟಿದ್ದು, ನಾನು ಸುಳ್ಳು ಹೇಳುತ್ತಿದ್ದುದು, ಅದರಲ್ಲಿ ಯಾರಿದ್ದಾರೆ ಎನ್ನುವುದು, ಈಗ ನಾನೇ ಕೈಯಾರೆ ಅಳಿಸಿದೆನೋ ಏನೋ ಎನ್ನುವುದು. ಹೇಳಿ ಮುಗಿಸುವಷ್ಟರಲ್ಲಿ ನಾನೇ ಅಳುತ್ತಿದ್ದೆ. ಮಾವ ಬಾಯಿಂದ ಕಡ್ಡಿ ತೆಗೆದರು.

"ಅದ್ರಲ್ಲಿ ನಮ್ಮೋರಿದ್ರಾ?" ಎಂದರು. ಅಷ್ಟೇ. ಹೋಗಿ ಹೊಸ್ತಿಲ ಮೇಲೆ ನನಗೆ ಬೆನ್ನು ಮಾಡಿ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಉಳಿದ ಡಿಸ್ಕನ್ನು ಹಾಕಿ ನೋಡಿದೆ. ಅದೂ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಹೊಸದಾದರೂ ಹಾಗೇ ಕೇಳುತ್ತದೆ, ಕೆಟ್ಟದ್ದಾದರೂ ಹಾಗೇ ಕೇಳುತ್ತದೆ. ಡಿಸ್ಕು ಎಷ್ಟು ಗಂಟೆ ಓಡಿದೆ ಎಂದು ಅದರ ಬಾಯಿಂದಲೇ ಹೇಳಿಸುವ ಉಪಾಯವಿದೆ ಎಂದು ಆಮೇಲೆ ಗೊತ್ತಾಯಿತು, ಆವತ್ತು ಗೊತ್ತಿರಲಿಲ್ಲ. ಗೊತ್ತಿದ್ದುದು ಒಂದೇ. ಹಿಂದೊಮ್ಮೆ ರಿಪೇರಿಗೆ ಬಂದವರು ಒಂದು ಕಪ್ಪು ಪರದೆ ತೆರೆದು, ಒಂದು ಸಾಲು ಕುಟ್ಟಿ, ಡಿಸ್ಕಿನ ಜಾತಕವನ್ನೇ ಹೊರಗೆ ತೆಗೆದಿದ್ದರು. ಆ ಸಾಲನ್ನು ನಾನು ಅಡುಗೆ ಬರೆದುಕೊಳ್ಳುವ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ. ಹುಡುಕಿ ತಂದು, ಕಪ್ಪು ಪರದೆ ತೆರೆದು, ಒಂದೊಂದೇ ಅಕ್ಷರ ಕುಟ್ಟಿದೆ:

wmic diskdrive get model,serialnumber,size,status

ಕಂಪನಿಯ ಮಾಡೆಲ್ಲು, ಸೀರಿಯಲ್ ನಂಬರು, ಅಳತೆ, ಆರೋಗ್ಯ, ಎಲ್ಲ ಸಾಲಾಗಿ ಬಂತು. ಆರೋಗ್ಯದ ಜಾಗದಲ್ಲಿ ‘ಓಕೆ’ ಎಂದಿತ್ತು. ಡಿಸ್ಕು ಬದಲಿಸಿ ಮತ್ತೆ ಕೇಳಿದೆ. ಅದಕ್ಕೂ ಓಕೆ. ಕೆಟ್ಟು ಕೂತಿರುವುದೂ ಓಕೆ! ಡಾಕ್ಟರ ಮುಂದೆ ಚೆನ್ನಾಗಿದ್ದೇನೆ ಎನ್ನುವ ನಮ್ಮ ಲೈನಿನ ಅಜ್ಜಂದಿರ ಹಾಗೆ. ಸೀರಿಯಲ್ ನಂಬರು ನೋಡಿದರೆ ಅದಕ್ಕಿಂತ ವಿಚಿತ್ರ.

"ಎರಡಕ್ಕೂ ಒಂದೇ ನಂಬರು ತೋರಿಸ್ತಿದೆ" ಎಂದು ನನ್ನಷ್ಟಕ್ಕೇ ಗೊಣಗಿದೆ.

ಹೊಸ್ತಿಲಿನಿಂದ ಬೆನ್ನೇ ಮಾತಾಡಿತು. "ಆಗಲ್ಲ."

"ಆಗಿದೆಯಲ್ಲ ಮಾವ, ಕಣ್ಣೆದುರಿಗಿದೆ."

"ಒಂದು ನಂಬರು ಇಬ್ರಿಗಿರಲ್ಲ. ಯಾವ ಗಣೀಲೂ ಇರಲ್ಲ." ಮಾವ ಎದ್ದು ಬಂದು ಪರದೆ ನೋಡಿದರು, ಡಾಕನ್ನು ನೋಡಿದರು, ಅದರ ತಲೆಯ ಮೇಲೆ ಬೆರಳಿಟ್ಟರು. "ಇದು ಇವನ ನಂಬರು. ಮಧ್ಯ ನಿಂತಿರೋನು ತನ್ನ ನಂಬರೇ ಏಳ್ತಾವ್ನೆ. ಇವನ್ನ ತೆಗ್ದಾಕಮ್ಮ, ಅವ್ರನ್ನೇ ನೇರ ಕೇಳು."

ನನಗೆ ನಾಚಿಕೆಯಾಯಿತು. ಡಾಕುಗಳು ಹಾಗೆ ಮಾಡುವುದುಂಟು, ನಾನೇ ಯೋಚಿಸಬೇಕಿತ್ತು. ಕಂಪ್ಯೂಟರು ಆರಿಸಿ, ಡಬ್ಬದ ಪಕ್ಕದ ತಗಡು ಬಿಚ್ಚಿ, ಈಗ ತಾನೇ ಫಾರ್ಮ್ಯಾಟ್ ಮಾಡಿದ್ದ ಡಿಸ್ಕನ್ನು ಒಳಗಿನ ಕೇಬಲ್ಲಿಗೇ ನೇರವಾಗಿ ಸಿಕ್ಕಿಸಿದೆ. ಅಷ್ಟು ಹೊತ್ತಿಗೆ ಮಾವ ಮತ್ತೆ ಹೊಸ್ತಿಲಿಗೆ ಹೋಗಿ ಕೂತಿದ್ದರು. ಕಪ್ಪು ಪರದೆ ತೆರೆದು ಅದೇ ಸಾಲು ಕುಟ್ಟಿದೆ. ಈ ಸಲ ಬೇರೆಯದೇ, ಉದ್ದನೆಯ ನಂಬರು ಬಂತು. ಡಿಸ್ಕಿನ ಸ್ವಂತ ನಂಬರು.

ಬಂದು ಏನು ಪ್ರಯೋಜನ? ಹೋಲಿಸಿ ನೋಡಲು ಲೇಬಲ್ಲು ನೀರೊಲೆಯಲ್ಲಿ ಬೂದಿಯಾಗಿದೆ. ಅಂಗಡಿಯವರ ಬಿಲ್ಲಿನಲ್ಲಿ ಇಂಥ ನಂಬರುಗಳನ್ನು ಯಾರೂ ಬರೆದಿರಲಿಲ್ಲ. ಸುಮ್ಮನೆ, ಏನು ಮಾಡಬೇಕೆಂದು ತೋಚದೆ, ಗಟ್ಟಿಯಾಗಿ ಓದುತ್ತಾ ಹೋದೆ.

"ಡಬ್ಲ್ಯೂ... ನಾಲ್ಕು... ವೈ... ಏಳು... ಮೂರು..."

"ಸೊನ್ನೆ ಆರು" ಎಂದರು ಹೊಸ್ತಿಲ ಮೇಲಿದ್ದವರು.

ಪರದೆಯ ಮೇಲೆ ಸೊನ್ನೆ ಆರು ಎಂದೇ ಇತ್ತು. ನಾನು ತಿರುಗಿ ನೋಡಿದೆ, ಮಾವನೂ ತಿರುಗಿದ್ದರು.

"ನಿಮಗೆ ಹೇಗೆ ಗೊತ್ತು?"

"ನಾನ್ ಬರ್ಕೊಂಡಿದ್ನಲ್ಲಮ್ಮ! ಬರ್ಕೊಳ್ದೆ ಯಾವತ್ತು ಕಿತ್ತಾಕಿದ್ದೀನಿ?" ಮಾವ ಆಗಲೇ ಎದ್ದಿದ್ದರು. "ಅದ್ರ ಒಟ್ಟೇಲೂ ನಂಬರೈತೆ, ನೀನು ಕೇಳಿದ್ರೆ ಏಳ್ತೈತೆ ಅಂತ ನಂಗೆ ಯಾರು ಏಳಿದ್ರು? ಕಾಗ್ದ ಸುಟ್ಮೇಲೆ ಎಲ್ಲಾ ಓಯ್ತು ಅಂದ್ಕೊಂಡೆ."

ನಿಜ. ಡಿಸ್ಕಿನ ಹೊಟ್ಟೆಯೊಳಗಿನ ನಂಬರು ಓದುವುದು ನನಗೆ ಗೊತ್ತಿತ್ತು, ಹೋಲಿಸಲು ಏನಾದರೂ ಇದೆಯೆಂದು ಹೊಳೆದಿರಲಿಲ್ಲ. ಬೀರುವಿನ ಬಾಗಿಲನ್ನು ಅಷ್ಟು ಬೈದವಳಿಗೆ ಅದೊಂದು ನೆನಪಿಗೆ ಬರಬಾರದೇ? ಇಬ್ಬರೂ ನಡುಮನೆಗೆ ಓಡಿದೆವು. ಓಡುವಾಗ ಇನ್ನೊಂದು ಯೋಚನೆ ಬಂತು. ನಂಬರು ಸರಿ, ಅದು ಯಾವುದರ ನಂಬರು?

ಮಾವ ಬಾಗಿಲು ತೆಗೆದರು. ಕುಕ್ಕರಿನ ಕೆಳಗೆ, ನನ್ನ ಮೊಬೈಲಿನ ಪಕ್ಕದಲ್ಲಿ, ಬಿಳಿ ಬಣ್ಣದ ಎರಡು ಹೊಸ ಸಾಲು. ಮೇಲಿನ ಸಾಲಿನ ಕೊನೆಗೆ ಏಳು ಮೂರು ಸೊನ್ನೆ ಆರು, ಮುಂದೆ ಏನೂ ಇಲ್ಲ. ಕೆಳಗಿನ ಸಾಲಿನಲ್ಲಿ ಬೇರೆ ನಂಬರು, ಅದರ ಮುಂದೆ ದುಂಡಗಿನ ಅಕ್ಷರದಲ್ಲಿ ‘ಮುಟ್ಟಬೇಡಿ’.

ನಾನು ಅಳಿಸಿದ್ದು ಹೊಸದನ್ನೇ. ಹನ್ನೊಂದು ಜನವೂ ಹಾಗೇ ಇದ್ದರು.

ನಾನು ಮಾವನ ಎರಡೂ ಕೈ ಹಿಡಿದು ಕುಣಿದೆ. ಮಾವನೂ ಎರಡು ಹೆಜ್ಜೆ ಹಾಕಿ, ಮೊಣಕಾಲು ಕಟಕ್ಕೆಂದ ಮೇಲೆ ನಿಲ್ಲಿಸಿದರು. ಅತ್ತೆ ಅಡುಗೆ ಮನೆಯಿಂದ ಇಣುಕಿ, "ಏನಾಯ್ತು ಇವ್ರಿಬ್ರಿಗೂ, ಈಗ್ತಾನೆ ಕಿತ್ತಾಡ್ತಿದ್ರಲ್ಲ" ಎಂದರು.

ಉಸಿರು ತಹಬದಿಗೆ ಬಂದ ಮೇಲೆ ನನಗೆ ಮತ್ತೆ ಸಿಟ್ಟು ಬಂತು. "ಮುಟ್ಟಬೇಡಿ ಅಂತ ನೋಡಿಯೂ ಯಾಕೆ ಮುಟ್ಟಿದಿರಿ ಮಾವ?"

"ಬರ್ಕೊಂಡ್ಮೇಲೆ ತಾನೇ ಮುಟ್ಟಿದ್ದು?" ಎಂದರು, ತಪ್ಪೇ ಇಲ್ಲದವರ ಮುಖ ಮಾಡಿ.

ಇನ್ನೊಂದು ಡಿಸ್ಕನ್ನೂ ಕೇಬಲ್ಲಿಗೆ ಸಿಕ್ಕಿಸಿ ಕೇಳಿದೆ. ಅಗತ್ಯವಿರಲಿಲ್ಲ, ಖುಷಿಗೆ. ನಾನು ನಂಬರು ಓದಿದೆ, ಮಾವ ಪಕ್ಕದಲ್ಲಿ ಕೈ ಕಟ್ಟಿ ನಿಂತು ಒಂದೊಂದೇ ಅಂಕಿಯನ್ನು ತಿರುಗಿ ಹೇಳಿದರು. ಬಾಗಿಲಿನ ಮೇಲಿದ್ದಂತೆಯೇ, ಒಂದಕ್ಷರ ತಪ್ಪಿಲ್ಲ. ಹೊಸ ಡಿಸ್ಕು ಮಧ್ಯಾಹ್ನದ ಬಸ್ಸಿಗೆ ಬಂಗಾರಪೇಟೆಗೆ ಹೋಯಿತು, ಅಂಚಿನಲ್ಲಿ ಸ್ವಲ್ಪ ಕುಂಕುಮ ಹಾಗೇ ಉಳಿದಿತ್ತು.

ಸೋಮವಾರ ಬೆಳಗಿನ ರೈಲಿಗೆ ಹಳೆಯ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋದೆ. ಆ ಮೇಡಂ ಡಿಸ್ಕಿನ ಹೊಳಪು ನೋಡಿ ಕನ್ನಡಕ ಸರಿಮಾಡಿಕೊಂಡರು. ಡಿಸ್ಕಿನ ಒಳಗೆ ಯಾವುದು ಎಲ್ಲಿದೆ ಎಂಬ ಪಟ್ಟಿಯಷ್ಟೇ ಕೆಟ್ಟಿದೆ, ಚಿತ್ರಗಳಿಗೇನೂ ಆಗಿಲ್ಲ ಎಂದು ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ಬೇರೆ ಡಿಸ್ಕಿಗೆ ತೆಗೆದುಕೊಟ್ಟರು. ಸಂಜೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಹಿಡಿದುಕೊಂಡರು.

"ನಿಮ್ಮಾವ ಬೆಳಿಗ್ಗೆಯಿಂದ ಒಂದಗ್ಳು ತಿಂದಿಲ್ಲ. ನಮ್ಮೋರೆಲ್ಲ ಮೇಲೆ ಬರ್ಲಿ ಅಂತಾವ್ರೆ. ಗಣಿ ಮುಚ್ಚಿದ್ರೂ ನನ್ ಮುದ್ದೆ ಆರೋದು ತಪ್ಲಿಲ್ಲ ನೋಡು."

ಕಾಲು ತೊಳೆಯುವುದಕ್ಕೂ ಬಿಡಲಿಲ್ಲ ಮಾವ. ಅತ್ತೆಯೂ ಬಂದು ಗೋಡೆಗೊರಗಿ ಕೂತರು. ಚಿತ್ರ ಹಾಕಿದೆ. ಬೇವಿನ ಮರ, ಪ್ಲಾಸ್ಟಿಕ್ ಕುರ್ಚಿ, ಒಬ್ಬೊಬ್ಬರೇ ಬಂದು ಕೂತರು. "ಐನೂಟ ಮುಪ್ಪೈ ರೆಂಡು" ಎಂದು ತೆಲುಗಿನಲ್ಲಿ ಮೊದಲನೆಯವರು. ಕ್ಯಾಮೆರಾದ ಹಿಂದಿನಿಂದ ಮಾವನ ದನಿ ಅದನ್ನು ತಿರುಗಿ ಹೇಳಿತು. ನನಗೆ ಇದು ಮರೆತೇ ಹೋಗಿತ್ತು. ಆವತ್ತು ಅವರು ನನ್ನ ಹಿಂದೆ ನಿಂತು ಪ್ರತಿಯೊಬ್ಬರಿಗೂ ಹಾಗೇ ತಿರುಗಿ ಹೇಳುತ್ತಿದ್ದರು, ಕಿಟಕಿಯಲ್ಲಿ ದೀಪ ಕೊಡುವಾಗಿನಂತೆ. ಈಗ ನನ್ನ ಪಕ್ಕದಲ್ಲಿ ಕೂತ ಮಾವನೂ ಹೇಳಿದರು. ಒಂದೊಂದಕ್ಕೂ ಒಂದು ಬೆರಳು ಮಡಚಿದರು. "ನಾನೂತ್ತಿ ಪದಿನೇಳು" ಎಂದು ತಮಿಳಿನಲ್ಲಿ, ಮೀಸೆಯೊಳಗೇ ನಗುತ್ತಾ ಹೇಳಿದವರು ಯುಗಾದಿಗೆ ಮುಂಚೆ ಹೋದವರು. ಮಾವನ ದನಿ ಸ್ವಲ್ಪವೂ ಅಲ್ಲಾಡಲಿಲ್ಲ. "ನಾನೂತ್ತಿ ಪದಿನೇಳು" ಎಂದು ಉಳಿದವರಿಗೆ ಹೇಳಿದಷ್ಟೇ ಗಟ್ಟಿಯಾಗಿ ಹೇಳಿ, ಬೆರಳು ಮಡಚಿದರು. ಹೆಗ್ಗಣದ ಕಥೆಗೆ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಹತ್ತು ಬೆರಳು ಮುಗಿದವು. ಹನ್ನೊಂದನೆಯವರಾಗಿ ಮಾವನೇ ಪರದೆಯ ಮೇಲೆ ಬಂದು ಕೂತರು. ಅಂಗಿಯ ಗುಂಡಿ ಸರಿ ಮಾಡಿಕೊಂಡು, "ಇನ್ನೂರಾ ಆರು" ಎಂದರು. ಹೇಳಿ, ಏನನ್ನೋ ಕಾಯುವವರಂತೆ ಕ್ಯಾಮೆರಾವನ್ನೇ ನೋಡಿದರು. ಆವತ್ತು ಆ ನಂಬರನ್ನು ತಿರುಗಿ ಹೇಳಲು ಕ್ಯಾಮೆರಾದ ಹಿಂದೆ ಇದ್ದವಳು ನಾನೊಬ್ಬಳೇ. ನನಗೆ ಗೊತ್ತಾಗಿರಲಿಲ್ಲ.

"ಇನ್ನೂರಾ ಆರು" ಎಂದೆ ಈಗ.

ಮಾವ ನನ್ನ ಕಡೆ ತಿರುಗಿ ನೋಡಿದರು. ಕಣ್ಣು ಒದ್ದೆಯಾಗಿತ್ತು, ಮುಖದ ತುಂಬ ನಗುವಿತ್ತು. ಎದ್ದು ಪಂಚೆ ಸರಿಮಾಡಿಕೊಂಡರು.

"ಅನ್ನೊಂದ್ ಜನಾನೂ ಮೇಲೆ ಬಂದ್ರು" ಎಂದರು. "ಇನ್ನ ಮುದ್ದೆ ಆಕಮ್ಮ."